ನೈಸ್ ಪುಡಿ

ಪಾಂಡವಪುರದಿಂದ ಮೈಸೂರಿಗೆ ಬರುವ ಬಸ್ಸು. ನನ್ನ ಕಾಲ ಬಳಿ ಹತ್ತು ಕೆ.ಜಿ. ಕಲ್ಲಿನ ಬ್ಯಾಗು. ದಾರಿಗೆ ಅಡ್ಡ ಇದೆ ಅಂತ ಕಂಡಕ್ಟರ್ ಅದನ್ನು ಕಾಲಲ್ಲೇ ಸರಿಸಲು ಹೋಗಿ, ಹೆಬ್ಬೆರಳು ಹಿಡಿದುಕೊಂಡು ಕೂತರು.

"ಏನಮ್ಮಾ ಇದು?"

"ಕಲ್ಲು ಸಾರ್. ನೈಸು."

ಒಂದು ತುಂಡು ತೆಗೆದು ಸವರಿ ನೋಡಿದರು. "ಎಲ್ಲಮ್ಮಾ ನೈಸು? ಒರಟೊರಟಾಗೈತೆ."

ಲಗೇಜ್ ಟಿಕೆಟ್ ಹರಿದರು. ತಪ್ಪು ಅವರದ್ದಲ್ಲ. ಕಪ್ಪು ಬಿಳಿ ಪಟ್ಟೆಯ ಈ ಕಲ್ಲಿಗೆ ಆ ಹೆಸರು ಬಂದಿದ್ದು ಜರ್ಮನ್ ಗಣಿಯವರ ಬಾಯಿಂದ. ನಮ್ಮ ಕಡೆ ನೈಸು ಅಂದರೆ ಏನು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನನ್ನ ಸಂಶೋಧನೆ ಇಂಥ ಕಲ್ಲುಗಳ ಮೇಲೇ. ಮೈಸೂರು ಮಂಡ್ಯ ಕಡೆಯ ನೈಸ್‌ಗೆ ಸುಮಾರು 300 ಕೋಟಿ ವರ್ಷ. ಚಾಮುಂಡಿ ಬೆಟ್ಟದ ಗ್ರಾನೈಟ್ ಅದರ ಮುಂದೆ ಮಗು, 80 ಕೋಟಿ ಅಷ್ಟೆ. ಇದನ್ನೆಲ್ಲ ಕ್ವಾರಿ ಹತ್ತಿರ ಕುರಿ ಮೇಯಿಸುತ್ತಿದ್ದ ಅಜ್ಜನಿಗೆ ಹುರುಪಿನಿಂದ ಹೇಳಿದೆ. ಅವರು ಕೇಳಿದ್ದು ಬೋರ್‌ವೆಲ್‌ಗೆ ಪಾಯಿಂಟ್ ಮಾಡಿಕೊಡಿ ಅಂತ.

"ನಾನು ನೀರು ನೋಡೋಳಲ್ಲ ಅಜ್ಜ. ಕಲ್ಲಿನ ವಯಸ್ಸು ನೋಡೋದು."

"ವಯಸ್ಸು ತಿಳ್ಕೊಂಡು ಅದ್ಕೇನು ಮದ್ವೆ ಮಾಡ್ತೀಯೇನವ್ವಾ?"

2021ರಲ್ಲಿ ಶ್ರೀರಂಗಪಟ್ಟಣ ತಾಲೂಕಿನ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ ಸುದ್ದಿಯಾದಾಗ ಮಾತ್ರ ನೆಂಟರಿಗೆಲ್ಲ ನನ್ನ ನೆನಪಾಯಿತು. ಎಲ್ಲರಿಗೂ ಅವರವರ ಸೈಟಿನಲ್ಲಿ ಎಷ್ಟಿದೆ ಅಂತ ಬೇಕಿತ್ತು.

ಇರಲಿ, ಬ್ಯಾಗಿನ ಕಥೆಗೆ ಬರೋಣ. ಪ್ರತಿ ಕಲ್ಲನ್ನೂ ಎರಡು ಭಾಗ ಮಾಡುತ್ತೇವೆ. ಒಂದನ್ನು ಕೊಯ್ದು, ಉಜ್ಜಿ ಉಜ್ಜಿ 0.03 ಮಿ.ಮೀ.ಗೆ ಇಳಿಸಿದರೆ ಬೆಳಕು ಅದರೊಳಗೇ ಹಾದುಹೋಗುತ್ತದೆ. ಮೈಕ್ರೋಸ್ಕೋಪ್‌ಗೆ ಅದು. ಇನ್ನೊಂದನ್ನು ಒಡೆದು, ಅರೆದು ಹಿಟ್ಟು ಮಾಡಿ, ಅದರಲ್ಲಿ ಏನೇನಿದೆ ಅಂತ ನೋಡಲು ಲ್ಯಾಬಿಗೆ ಕಳಿಸಬೇಕು. ಕೈಯಲ್ಲಿ ಉಂಗುರ ಇರಬಾರದು. ಇದ್ದರೆ ಪಾಂಡವಪುರದಲ್ಲಿ ಚಿನ್ನ ಸಿಕ್ಕಿತು ಅಂತ ರಿಪೋರ್ಟ್ ಬಂದೀತು. ಒಂದು ಕಲ್ಲು ಅರೆದ ಮೇಲೆ ಕುಟ್ಟಾಣಿ ತೊಳೆದು, ಒರೆಸಿ, ಒಣಗಿಸಿಯೇ ಇನ್ನೊಂದು. ನಮ್ಮನೆ ಮಡಿ ಇದರ ಮುಂದೆ ಏನೂ ಅಲ್ಲ.

ಹೀಗೆ ಮಡಿಯಿಂದ ಅರೆದ ಏಳನೇ ನಂಬರಿನ ಪುಡಿ ಬಾಗಿಲ ಪಕ್ಕದ ಗೂಡಿನಲ್ಲಿತ್ತು. ಬೆಳಿಗ್ಗೆ ಕೊರಿಯರ್‌ಗೆ ಕೊಡಬೇಕಿತ್ತು. ಅಮ್ಮನ ರಂಗೋಲಿ ಡಬ್ಬದ ಜಾಗವೂ ಅದೇ ಗೂಡು.

ಏಳುವಷ್ಟರಲ್ಲಿ ಬಾಗಿಲ ಮುಂದೆ ಹದಿನೈದು ಚುಕ್ಕಿಯ ರಂಗೋಲಿ. ಮಾಮೂಲಿಗಿಂತ ಸ್ವಲ್ಪ ಬೂದು. ನನ್ನ ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಅಮ್ಮಾ, ಒಂದು ಚಿಟಿಕೆನಾದ್ರೂ ಉಳಿದಿದ್ಯಾ?" ಟೆಸ್ಟಿಗೆ ಬೇಕಾಗುವುದು ನಿಜವಾಗಿಯೂ ಅಷ್ಟೇ.

"ಉಳಿದಿದ್ದನ್ನ ರಂಗೋಲಿ ಡಬ್ಬಕ್ಕೆ ಸುರಿದೆ."

ಎರಡು ಶಿಲಾಪಾಕ, ಅಂದರೆ ಭೂಮಿಯೊಳಗೆ ಕರಗಿದ ಕಲ್ಲು, ಬೆರೆತ ಅಪರೂಪದ ಕಲ್ಲು ಅಂತ ಪೇಪರ್ ಬರೆಯಬಹುದಿತ್ತೇನೋ. ಬ್ರಶ್ಶು, ಪೇಪರು ಹಿಡಿದು ಹೊರಗೆ ಹೋದೆ. ರಂಗೋಲಿ ಅಡಿಯಲ್ಲಿ ಸಗಣಿ ನೀರು, ನಡುವೆ ಅರಿಶಿನ ಕುಂಕುಮ. ಇದನ್ನು ಬಾಚಿ ಕಳಿಸಿದರೆ ಲ್ಯಾಬಿನವರು ಯಾವ ಗ್ರಹದ ಕಲ್ಲು ಅಂತ ಕೇಳುತ್ತಾರೆ.

ಅಮ್ಮನಿಗೂ ನನ್ನ ಮೇಲೆ ದೂರಿತ್ತು. "ಪುಡಿ ಜಾಸ್ತಿ ನೈಸಾಗ್ಬಿಟ್ಟಿದೆ ಕಣೇ. ಬೆರಳಿಗೇ ಮೆತ್ತಿಕೊಳ್ಳುತ್ತೆ, ಎಳೆ ಬೀಳಲ್ಲ. ಇನ್ನೊಂದ್ಸಲ ಸಣ್ಣ ರವೆ ಥರ ಮಾಡು."

ಕಣದ ಗಾತ್ರದ ಮೇಲೆ ಮೂರು ಸೆಮಿಸ್ಟರ್ ಪಾಠ ಮಾಡಿದ್ದೇನೆ. ಸುಮ್ನೆ ತಲೆಯಾಡಿಸಿದೆ.

ಅಷ್ಟರಲ್ಲಿ ಕೊರಿಯರ್ ಹುಡುಗ ಬಂದು ರಂಗೋಲಿ ಮೇಲೇ ಬೈಕ್ ನಿಲ್ಲಿಸಿದ.

"ಪಾರ್ಸೆಲ್ ಎಲ್ಲಿ ಮೇಡಂ?"

"ನಿಮ್ಮ ಚಕ್ರದ ಕೆಳಗೆ."