ಅದೆಲ್ಲಾ ಸುಳ್ಳು ಕಣೋ

"ಅದೆಲ್ಲಾ ಸುಳ್ಳು ಕಣೋ, ಮೊದಲೇ ಮಾತಾಡ್ಕೊಂಡಿರ್ತಾರೆ." ಎದುರು ಮನೆಯ ಮಾವ ಟಿವಿಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿ ಬಗ್ಗೆ ಈ ಮಾತು ಹೇಳಿದ ದಿನದಿಂದ ಒಂದು ವಾರ ನಾನು ಅವರ ಮುಖ ನೋಡಿರಲಿಲ್ಲ. ಆಗ ಐದನೇ ಕ್ಲಾಸು. ಚಡ್ಡಿ ಜೇಬಿನಲ್ಲಿ ಸದಾ ಆ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಕಟ್ಟು, ಕಾರ್ಡಿನ ಮೇಲಿನ ಅಂಕಿ ಹೋಲಿಸಿ ಆಡುವ ಆಟ. ದೈತ್ಯ ಯೊಕೊಜುನಾ ಕಾರ್ಡ್ ಕೈಗೆ ಬಂದರೆ ಕಣ್ಣು ಮುಚ್ಚಿಕೊಂಡು 'ತೂಕ' ಅನ್ನಬೇಕು, ಎದುರಿನವನ ಕಾರ್ಡು ನಮ್ಮದು. ಅಂಡರ್‌ಟೇಕರ್ ಸತ್ತು ಸತ್ತು ಬದುಕುತ್ತಾನೆ ಅನ್ನುವುದರಲ್ಲಿ ಇಡೀ ಕ್ಲಾಸಿಗೆ ಒಂದೇ ಅಭಿಪ್ರಾಯ.

ಈಗ ಆ ಮಾವ ಹೇಳಿದ್ದನ್ನೇ ಆ ಕುಸ್ತಿ ಕಂಪನಿಯವರು ಐದು ಎಪಿಸೋಡು ಮಾಡಿ ತೋರಿಸಿದ್ದಾರೆ. 2025ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಡಬ್ಲ್ಯೂಡಬ್ಲ್ಯೂಇ ಅನ್‌ರಿಯಲ್' (ಡಬ್ಲ್ಯೂಡಬ್ಲ್ಯೂಎಫ್‌ನ ಈಗಿನ ಹೆಸರು ಡಬ್ಲ್ಯೂಡಬ್ಲ್ಯೂಇ). ಕಥೆ ಬರೆಯುವವರ ಕೋಣೆ, ಬೋರ್ಡು, ಯಾರು ಗೆಲ್ಲಬೇಕು ಯಾರು ಸೋಲಬೇಕು ಅನ್ನುವ ಚರ್ಚೆ. ಪರದೆಯ ಹಿಂದೆ ಹೆಡ್‌ಸೆಟ್ ಹಾಕಿಕೊಂಡು ಕೂರುವ 'ಗೊರಿಲ್ಲಾ' ಅನ್ನುವ ಜಾಗ. ಹಳೆಯ ಕುಸ್ತಿಪಟು ಗೊರಿಲ್ಲಾ ಮಾನ್‌ಸೂನ್ ಹೆಸರು ಅದು. ರಿಂಗಿನ ಕಥೆಯಲ್ಲಿ ಇಪ್ಪತ್ತು ವರ್ಷ ಒಳ್ಳೆಯವನಾಗಿಯೇ ಇದ್ದ ಕುಸ್ತಿಪಟು ಜಾನ್ ಸೀನಾ 2025ರ ಮಾರ್ಚ್ 1ರಂದು ಟೊರಾಂಟೋದಲ್ಲಿ ದಿಢೀರನೆ ಕೆಟ್ಟವನಾದನಲ್ಲ, ಅದರ ಒಳಕಥೆಯೂ ಇದೆ.

ನೋಡಿದೆ. ಒಂದೇ ರಾತ್ರಿ ಕೂತು ಮುಗಿಸಿದೆ. ಚೆನ್ನಾಗಿದೆ. ಆದರೆ ನನ್ನ ಮಟ್ಟಿಗೆ ಅದು ಬಹಳ ಚೆನ್ನಾಗಿ ತೆಗೆದ ಜಾಹೀರಾತು, ಅಷ್ಟೇ.

ಯಾಕೆ ಅಂದರೆ, ಅದು ಬಿಚ್ಚಿಟ್ಟ ಗುಟ್ಟು ಈಗ ಗುಟ್ಟೇ ಅಲ್ಲ. ಕುಸ್ತಿಯವರ ಭಾಷೆಯಲ್ಲಿ 'ಕೇಫೇಬ್' ಅನ್ನುವ ಪದ ಇದೆ. ರಿಂಗಿನ ಒಳಗಿನ ಜಗಳ ಹೊರಗೂ ನಿಜ ಅಂತ ನಡೆದುಕೊಳ್ಳುವ ವ್ರತ ಅದು. 1987ರಲ್ಲಿ ಐರನ್ ಶೇಕ್, ಜಿಮ್ ಡಗ್ಗನ್ ಇಬ್ಬರೂ ರಿಂಗಿನಲ್ಲಿ ಕಡು ವೈರಿಗಳು. ನ್ಯೂಜೆರ್ಸಿಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿ ನೋಡಿದರೆ ಇಬ್ಬರೂ ಅದರಲ್ಲೇ ಕೂತಿದ್ದಾರೆ! ಕಾರಲ್ಲಿ ಮಾದಕವಸ್ತು ಬೇರೆ ಸಿಕ್ಕಿತು ಅನ್ನಿ. ಆದರೆ ಕಂಪನಿಗೆ ಅದರಷ್ಟೇ ದೊಡ್ಡ ಅವಮಾನ ಇಬ್ಬರೂ ಒಟ್ಟಿಗೆ ಇದ್ದದ್ದು. ತಮಾಷೆ ಏನೆಂದರೆ, ಎರಡೇ ವರ್ಷಕ್ಕೆ, 1989ರಲ್ಲಿ, ಅದೇ ನ್ಯೂಜೆರ್ಸಿಯ ಸೆನೆಟ್ ಮುಂದೆ ಕಂಪನಿಯೇ "ನಮ್ಮದು ಕ್ರೀಡೆಯಲ್ಲ, ಮನರಂಜನೆ" ಅಂತ ಒಪ್ಪಿಕೊಂಡಿತು. ಕ್ರೀಡೆ ಅಂದರೆ ತೆರಿಗೆ, ನಿಯಮ, ತಪಾಸಣೆ ಎಲ್ಲ ಬರುತ್ತದೆ ನೋಡಿ. ವ್ರತ ಎಲ್ಲ ಆಟಗಾರರಿಗೆ, ಮಾಲೀಕರಿಗಲ್ಲ.

ಇನ್ನೊಂದು ಕಥೆ ಹೇಳಲೇಬೇಕು. 1996ರ ಮೇ 19, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಕುಸ್ತಿಪಟುಗಳಾದ ಕೆವಿನ್ ನ್ಯಾಶ್, ಸ್ಕಾಟ್ ಹಾಲ್ ಇಬ್ಬರೂ ಎದುರಾಳಿ ಕಂಪನಿಗೆ ಹೊರಟಿದ್ದರು. ಕೊನೆಯ ಪಂದ್ಯ ಮುಗಿದ ಮೇಲೆ ಶಾನ್ ಮೈಕಲ್ಸ್, ಟ್ರಿಪಲ್ ಎಚ್ ಸೇರಿ ನಾಲ್ವರೂ ರಿಂಗಿನಲ್ಲೇ ತಬ್ಬಿಕೊಂಡರು. ಆಗಷ್ಟೇ ಹೊಡೆದಾಡಿದವರು ಜನರ ಕಣ್ಣೆದುರೇ ಗೆಳೆಯರಾಗಿಬಿಟ್ಟರು. ಇಬ್ಬರು ಹೊರಟೇಹೋದರು, ಮೈಕಲ್ಸ್ ಆಗ ಚಾಂಪಿಯನ್, ಅವನನ್ನು ಮುಟ್ಟುವ ಹಾಗಿಲ್ಲ. ಉಳಿದವನು ಟ್ರಿಪಲ್ ಎಚ್ ಒಬ್ಬನೇ. ಆ ವರ್ಷದ 'ಕಿಂಗ್ ಆಫ್ ದ ರಿಂಗ್' ಪಂದ್ಯಾವಳಿಯ ಗೆಲುವು ಅವನಿಗೆ ಸಿಗಬೇಕಿತ್ತು, ಸ್ಟೋನ್ ಕೋಲ್ಡ್ ಅನ್ನುವ ಇನ್ನೊಬ್ಬನ ಪಾಲಾಯಿತು. ಪರದೆ ಸರಿಸಿದ್ದಕ್ಕೆ ಶಿಕ್ಷೆ ಉಂಡ ಅದೇ ಟ್ರಿಪಲ್ ಎಚ್ ಈಗ ಗೊರಿಲ್ಲಾದಲ್ಲಿ ಹೆಡ್‌ಸೆಟ್ ಹಾಕಿಕೊಂಡು, ಕ್ಯಾಮೆರಾ ಮುಂದೆ, ಪರದೆ ಸರಿಸುವುದನ್ನೇ ಮಾರುತ್ತಿದ್ದಾನೆ. ಈ ಕಥೆಗೇ ಒಂದು ಎಪಿಸೋಡು ಕೊಡಬಹುದಿತ್ತು ಅಂತ ನನ್ನ ಆಸೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತಿದ್ದೇ ಬೆಳಗಿನ ಜಾವದವರೆಗೆ ಯಕ್ಷಗಾನದ ಆಟ ನೋಡುವ ಜನ ನಾವು. ಯಾರು ಗೆಲ್ಲುತ್ತಾರೆ ಅನ್ನೋದು ಮೊದಲೇ ತೀರ್ಮಾನ ಆಗಿದೆ ಅಂತ ನಮ್ಮಜ್ಜನ ಹತ್ತಿರ ಯಾರಾದರೂ ಹೋಗಿ ಗುಟ್ಟು ಹೇಳಿದ್ದರೆ, ಅವರ ಮುಖ ಹೇಗಿರುತ್ತಿತ್ತೋ! ನನಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ನೋಡಬೇಕಿರುವುದು ಅದಲ್ಲ. ವೇಷ ಬಿಚ್ಚಿದ ಮೇಲೆ ಬೆನ್ನು ಎಷ್ಟು ನೋಯುತ್ತದೆ, ಕೈಗೆ ಎಷ್ಟು ಸಿಗುತ್ತದೆ, ನಾಳೆ ಎಲ್ಲಿಗೆ ಹೋಗಬೇಕು. ಡಬ್ಲ್ಯೂಡಬ್ಲ್ಯೂಇ ಆಟಗಾರರು ಕಾಗದದ ಮೇಲೆ ಕಂಪನಿಯ ನೌಕರರೇ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ನನಗೆ ಬೇಕಿದ್ದ ಎಪಿಸೋಡು ಅದು.

ಅಂಥದ್ದು ಬೇಕು ಅನ್ನುವವರು 'ರೆಸ್ಲರ್ಸ್' ನೋಡಿ. ಅದೂ ನೆಟ್‌ಫ್ಲಿಕ್ಸ್‌ದೇ, 2023ರದು, ಏಳು ಎಪಿಸೋಡು. ತೆಗೆದವರು ಗ್ರೆಗ್ ವೈಟ್ಲಿ. ಜಾಗ ಕೆಂಟಕಿಯ ಲೂಯಿವಿಲ್, ಕಂಪನಿ ಓಹಾಯೊ ವ್ಯಾಲಿ ರೆಸ್ಲಿಂಗ್. ಒಂದು ಕಾಲದಲ್ಲಿ ಡಬ್ಲ್ಯೂಡಬ್ಲ್ಯೂಇ ತನ್ನ ಹುಡುಗರನ್ನು ತಯಾರು ಮಾಡಿಸುತ್ತಿದ್ದದ್ದು ಇಲ್ಲೇ. ಸೀನಾ, ಬ್ರಾಕ್ ಲೆಸ್ನರ್, ರ‍್ಯಾಂಡಿ ಆರ್ಟನ್, ಬಟಿಸ್ಟಾ, ಎಲ್ಲರೂ ಇಲ್ಲಿ ಬಿದ್ದು ಎದ್ದವರೇ. 2008ರಲ್ಲಿ ದೊಡ್ಡ ಕಂಪನಿ ಕೈಬಿಟ್ಟಿತು. ಈಗ ಒಂದು ಸಣ್ಣ ಅಖಾಡ, ಒಂದಷ್ಟು ಕುರ್ಚಿ, ತೀರದ ಖರ್ಚು.

ಅಲ್ಲಿ ಇಬ್ಬರ ಜಗ್ಗಾಟ ನಡೆಯುತ್ತದೆ. ಒಬ್ಬ ಹಳೆಯ ಕುಸ್ತಿಪಟು ಆಲ್ ಸ್ನೋ. ಬೊಂಬೆಯ ತಲೆಯೊಂದನ್ನು ಕೈಯಲ್ಲಿ ಹಿಡಿದು ರಿಂಗಿಗೆ ಬರುತ್ತಿದ್ದನಲ್ಲ, ಅವನೇ. ಇನ್ನೊಬ್ಬ ಕಂಪನಿಗೆ ದುಡ್ಡು ಹಾಕಿದ ರೇಡಿಯೊ ಮಾತುಗಾರ ಮ್ಯಾಟ್ ಜೋನ್ಸ್. ಒಬ್ಬನಿಗೆ ಕಥೆ ನಿಧಾನಕ್ಕೆ ಬೇಯಬೇಕು, ಇನ್ನೊಬ್ಬನಿಗೆ ಈ ತಿಂಗಳ ಲೆಕ್ಕ ಸರಿಹೋಗಬೇಕು. ಮೊದಲು ನಾನು ಪೂರ್ತಿ ಸ್ನೋ ಕಡೆ ಇದ್ದೆ. ಮೂರನೇ ಎಪಿಸೋಡಿನ ಹೊತ್ತಿಗೆ ಜೋನ್ಸ್ ಹೇಳೋದೂ ಸರಿ ಅನ್ನಿಸಿತು. ಸಂಬಳ ಕೊಡೋರು ಯಾರು, ಅಲ್ವಾ?

ಆದರೆ ನನ್ನನ್ನು ಕಾಡಿದ್ದು ಹೇಲಿ ಜೆ ಮತ್ತು ಅವಳ ತಾಯಿ ಮರಿಯಾ. ಇಬ್ಬರೂ ಕುಸ್ತಿಯವರು. ಇಬ್ಬರ ನಡುವೆ ಹಳೆಯ ನೋವುಗಳಿವೆ, ಅವು ನಿಜ. ಆ ನೋವನ್ನೇ ಕಥೆ ಮಾಡಿ ತಾಯಿ ಮಗಳನ್ನು ರಿಂಗಿಗೆ ಇಳಿಸುತ್ತಾರೆ. ಹೊಡೆತಗಳು ಮೊದಲೇ ಮಾತಾಡಿಕೊಂಡವು, ಕಣ್ಣೀರು ಯಾವುದು ಅಂತ ನನಗೆ ಕೊನೆಗೂ ಗೊತ್ತಾಗಲಿಲ್ಲ. ಬಹುಶಃ ಅವರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ಎದುರು ಮನೆಯ ಮಾವ ಇದ್ದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದೆ, ಇದರಲ್ಲಿ ಸುಳ್ಳು ಯಾವುದು ತೋರಿಸಿ ಅಂತ.

ನಮ್ಮ ಪಂಜಾಬಿನ ಮಹಾಬಲಿ ಶೇರಾ ಕೂಡ ಅಲ್ಲಿದ್ದಾನೆ. 2012ರ 'ರಿಂಗ್ ಕಾ ಕಿಂಗ್' ಅನ್ನುವ ಟಿವಿ ಕುಸ್ತಿ ನೋಡಿದವರಿಗೆ ನೆನಪಿರಬಹುದು. ಡಬ್ಲ್ಯೂಡಬ್ಲ್ಯೂಇ ಬಾಗಿಲವರೆಗೆ ಹೋಗಿ ಬಂದವನು, ಈ ಸಣ್ಣ ಅಖಾಡದಲ್ಲಿ ಚಾಂಪಿಯನ್ ಆಗಿದ್ದವನು.

ಬೀಳುವುದನ್ನು ಇವರು 'ಬಂಪ್' ಅನ್ನುತ್ತಾರೆ. ಗದ್ದ ಎದೆಗೆ ಒತ್ತಬೇಕು, ಬೆನ್ನು ಅಗಲಕ್ಕೆ ಬೀಳಬೇಕು, ಕೈ ನೆಲಕ್ಕೆ ಬಡಿಯಬೇಕು. ರಿಂಗು ಅಂದರೆ ಉಕ್ಕಿನ ಚೌಕಟ್ಟು, ಮೇಲೆ ಮರದ ಹಲಗೆ, ತೆಳ್ಳನೆ ಫೋಮು, ಕ್ಯಾನ್ವಾಸು. ಮನೆಯ ಹಾಸಿಗೆ ಮೇಲೆ ಸುಮ್ನೆ ಒಂದು ಸಲ ಪ್ರಯತ್ನಿಸಿದೆ. ಗದ್ದ ಮರೆತೆ. ಮೂರು ದಿನ ಕತ್ತು ತಿರುಗಲಿಲ್ಲ. ಹೆಂಡತಿ ಏನಂದಳು ಅನ್ನುವುದನ್ನು ಇಲ್ಲಿ ಬರೆಯಲ್ಲ.

ಈ ಆಲ್ ಸ್ನೋ 2001ರಲ್ಲಿ ಎಂಟಿವಿಯ 'ಟಫ್ ಇನಫ್' ಅನ್ನುವ ಶೋನಲ್ಲಿ ಮೇಷ್ಟ್ರಾಗಿದ್ದವನು. ಹೊಸಬರನ್ನು ಕುಸ್ತಿಗೆ ತಯಾರು ಮಾಡುವ ಶೋ. ಅದರಲ್ಲಿ ಗೆದ್ದ ಮೇವನ್ ಅನ್ನುವ ಹುಡುಗ 2002ರ ರಾಯಲ್ ರಂಬಲ್‌ನಲ್ಲಿ, ಹಗ್ಗದಾಚೆ ಬಿದ್ದವನು ಔಟಾಗುವ ಪಂದ್ಯದಲ್ಲಿ, ನಮ್ಮ ಅಂಡರ್‌ಟೇಕರನ್ನೇ ಹೊರಗೆ ಹಾಕಿದ. ಹಿಂದಿನಿಂದ ಬಂದು ಡ್ರಾಪ್‌ಕಿಕ್, ಅಂದರೆ ಜಿಗಿದು ಎರಡೂ ಕಾಲಲ್ಲಿ ಒದೆತ. ಆ ಮೇವನ್‌ನ ಮೇಲೆ ನನಗಿದ್ದ ಸಿಟ್ಟು ಇಷ್ಟು ಅಷ್ಟಲ್ಲ. ಮೊನ್ನೆ ಆ ತುಣುಕು ಮತ್ತೆ ಹಾಕಿಕೊಂಡು ನೋಡಿದೆ, ನಾಲ್ಕೈದು ಸಲ. ಈ ಸಲ ಮೇವನ್‌ನ ಕಾಲು ನೋಡಲಿಲ್ಲ. ಹಗ್ಗದ ಹತ್ತಿರ ಬೆನ್ನು ಕೊಟ್ಟು ನಿಂತು, ಹೊಸ ಹುಡುಗನ ಒದೆತಕ್ಕೆ ಕಾಯುತ್ತಿದ್ದ ಅಂಡರ್‌ಟೇಕರ್‌ನನ್ನು ನೋಡುತ್ತಿದ್ದೆ.