ಸೀಟಿ, ಹೊಗೆ ಆಮೇಲೆ, ಮೊದಲು ಗೇರು

ಮನೆಯಲ್ಲಿ ಓಡಿಸುವ ಪುಟ್ಟ ಮಾದರಿ ರೈಲುಗಳ ತಯಾರಕರು ಸೀಟಿ, ಹೊಗೆ ಇನ್ನಷ್ಟು ಸುಧಾರಿಸಬೇಕು ಅಂತ ಲೇಖನವೊಂದು ಕೇಳುತ್ತದೆ. ಇರಲಿ ಬಿಡ್ರಿ, ಮೊದಲು ಬಿಡಿಭಾಗ ಸಿಗಲಿ. ಗಾಲಿಯ ಅಚ್ಚಿಗೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಗೇರು ಕಾಲಕ್ರಮೇಣ ಸೀಳುತ್ತದೆ. ಸೀಳಿದಲ್ಲಿ ಎರಡು ಹಲ್ಲುಗಳ ನಡುವಿನ ಅಂತರ ಹಿಗ್ಗಿ, ಸುತ್ತಿಗೊಮ್ಮೆ ಟಕ್ ಅಂತ ಎಂಜಿನ್ ಕುಂಟುತ್ತದೆ. ಅಂಟು ಹಾಕಿದರೆ ನಿಲ್ಲದು. ಆ ಒಂದು ಗೇರನ್ನು ಬಿಡಿಯಾಗಿ ಮಾರಿದರೆ ಇಡೀ ಎಂಜಿನ್ ಮೂಲೆ ಸೇರುವುದಿಲ್ಲ.

ಎರಡನೆಯದು ಕರೆಂಟು, ಹಳಿಯಿಂದ ಗಾಲಿ ಮೂಲಕ ಎಂಜಿನ್ನಿಗೆ ಬರುವಂಥದು. ವಿಜಯಪುರ, ಬಾಗಲಕೋಟೆಯ ಬೇಸಿಗೆ ಧೂಳು ಹಳಿ ಮೇಲೆ ಕೂತರೆ ಎಂಜಿನ್ ತಡವರಿಸುತ್ತದೆ. ರಬ್ಬರ್ ಪಟ್ಟಿಯ ಗಾಲಿ ಎಳೆಯುತ್ತದೆ, ಕರೆಂಟು ಹಿಡಿಯುವುದಿಲ್ಲ. ಹಾಗಾಗಿ ಉಳಿದ ಎಲ್ಲ ಗಾಲಿಗಳಿಂದಲೂ ಕರೆಂಟು ಬರಬೇಕು. ಡಿಜಿಟಲ್ (ಹಳಿ ಮೂಲಕ ಬರುವ ಸಂಕೇತದಿಂದ ಓಡುವ) ಎಂಜಿನ್ನಿಗೆ, ಕರೆಂಟು ಕ್ಷಣ ತಪ್ಪಿದರೂ ಓಡಿಸುವ ಕೆಪಾಸಿಟರ್ ಕಾರ್ಖಾನೆಯಲ್ಲೇ ಕೂರಿಸಿರಬೇಕು. (ಹಳಿಗೆ ಮರಳು ಕಾಗದ ಉಜ್ಜಬೇಡಿ, ಗೀರಿನಲ್ಲಿ ಮತ್ತೆ ಕೊಳೆ ತುಂಬುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು.)

ಮೂರನೆಯದು ತಿರುವು. ಎಲ್‌ಎಚ್‌ಬಿ ಬೋಗಿ (ಈಗಿನ ಎಕ್ಸ್‌ಪ್ರೆಸ್ ರೈಲುಗಳದ್ದು) 23.54 ಮೀಟರ್ ಉದ್ದ, ಅಂದರೆ 1:87 ಅಳತೆಯಲ್ಲಿ, ನಿಜಕ್ಕಿಂತ 87 ಪಟ್ಟು ಚಿಕ್ಕದಾಗಿ, ಸುಮಾರು 270 ಮಿ.ಮೀ. 371 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಒತ್ತೊತ್ತಾಗಿ ಜೋಡಿಸಿದ ಬೋಗಿಗಳ ಮೂಲೆ ತಾಗಿ ಹಳಿ ತಪ್ಪುತ್ತವೆ. ತಿರುವಿನಲ್ಲಿ ತಾನಾಗಿ ಉದ್ದವಾಗುವ ಕೊಂಡಿ ಕೊಡಲಿ, ಕನಿಷ್ಠ ತ್ರಿಜ್ಯವನ್ನು ಡಬ್ಬಿ ಮೇಲೆ ಅಚ್ಚು ಹಾಕಲಿ.

ಇನ್ನು ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ 19.3. ಮಾರುವುದು 16.5ರ ಹಳಿಗೆ, ಹಿಂದಿನಿಂದ ನೋಡಿದರೆ ಗಾಲಿ ಒಳಗೆ ಸರಿದಂತೆ ಕಾಣುತ್ತದೆ. ಗದಗ–ಹೊಟಗಿ ಮಾರ್ಗದಲ್ಲಿ ಹಿಂದಿದ್ದ ಮೀಟರ್‌ಗೇಜಿಗೆ ಆ ತೊಡಕಿಲ್ಲ: ಲೆಕ್ಕಕ್ಕೆ 11.5 ಬರುತ್ತದೆ, 12 ಮಿ.ಮೀ. ಹಳಿ ಈಗಾಗಲೇ ತಯಾರಾಗುತ್ತಿದೆ. ಮೀಟರ್‌ಗೇಜಿನ ವೈಪಿ ಉಗಿ ಎಂಜಿನ್ನಿನ ಮೇಲ್ಕವಚವನ್ನಾದರೂ ಕಿಟ್ ಮಾಡಿ ಕೊಡಲಿ, ಗಾಲಿ ನಾವೇ ಹೊಂದಿಸಿಕೊಳ್ತೀವಿ.