ಅಪೊಸ್ತಲ ಯೋಹಾನನಿಗೆ ಎಷ್ಟು ವಯಸ್ಸಾಗಿತ್ತು?

ಯೇಸುಸ್ವಾಮಿಯ ಶಿಷ್ಯರಲ್ಲಿ ಪೇತ್ರನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಇಪ್ಪತ್ತು ತುಂಬದ ಹುಡುಗರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಆಧಾರ ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯ. ದೇವಾಲಯದ ತೆರಿಗೆಗಾಗಿ ಮೀನಿನ ಬಾಯಲ್ಲಿ ಸಿಕ್ಕ ನಾಣ್ಯ ಯೇಸು ಮತ್ತು ಪೇತ್ರ ಇಬ್ಬರಿಗೆ ಮಾತ್ರ ಸಾಕಾಯಿತು. ವಿಮೋಚನಕಾಂಡದ ಪ್ರಕಾರ ಈ ತೆರಿಗೆ, ಅಂದರೆ ಅರ್ಧ ಶೆಕೆಲ್ ಬೆಳ್ಳಿ, ಕೊಡಬೇಕಾದವರು ಇಪ್ಪತ್ತು ದಾಟಿದವರು. ಆದ್ದರಿಂದ ಉಳಿದವರು ಚಿಕ್ಕವರು ಎಂಬುದು ವಾದ.

ನನಗೆ ಇದು ಒಪ್ಪಿಗೆಯಿಲ್ಲ. ಕಪೆರ್ನೌಮಿನಲ್ಲಿ ತೆರಿಗೆಯವರು ಬಂದು ಕೇಳಿದ್ದು ಪೇತ್ರನನ್ನು. ಉಳಿದ ಶಿಷ್ಯರು ಕೊಟ್ಟರೋ ಬಿಟ್ಟರೋ, ಆ ಪ್ರಸಂಗದಲ್ಲಿ ಅವರ ಸುದ್ದಿಯೇ ಇಲ್ಲ. ಇನ್ನು ಶಿಷ್ಯ ಮತ್ತಾಯ: ಸುಂಕದ ಕಟ್ಟೆಯಲ್ಲಿ ಕುಳಿತು ವಸೂಲಿ ಮಾಡುತ್ತಿದ್ದವನು, ತನ್ನ ಮನೆಯಲ್ಲಿ ದೊಡ್ಡ ಔತಣವಿಟ್ಟು ಜನರನ್ನು ಕರೆದವನು ಹದಿಹರೆಯದ ಹುಡುಗನಾಗಿದ್ದನೆಂದು ಹೇಗೆ ನಂಬುವುದು?

ಆದರೂ ಯೋಹಾನ ಚಿಕ್ಕವನಿದ್ದನೆಂದು ನಾನು ನಂಬುತ್ತೇನೆ. ಅವನು ದುಡಿಯುತ್ತಿದ್ದುದು ತಂದೆ ಜೆಬೆದಾಯನ ದೋಣಿಯಲ್ಲಿ, ಕೂಲಿಯಾಳುಗಳ ಜೊತೆ. ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಿಬ್ಬರಿಗೆ ಬಲಗಡೆ ಎಡಗಡೆ ಜಾಗ ಕೊಡು ಎಂದು ಕೇಳಲು ತಾಯಿ ತಾನೇ ಬರುತ್ತಾಳೆ. ಇಷ್ಟರಿಂದ ವಯಸ್ಸು ಸಾಬೀತಾಗುವುದಿಲ್ಲ, ಸುಳಿವು ಮಾತ್ರ ಸಿಗುತ್ತದೆ. ಗಟ್ಟಿಯಾದ ಆಧಾರ ಸಿಗುವುದು ಅವನ ಬದುಕಿನ ಇನ್ನೊಂದು ತುದಿಯಲ್ಲಿ.

ಸುಮಾರು ಕ್ರಿ.ಶ. 180ರಲ್ಲಿ, ಈಗಿನ ಫ್ರಾನ್ಸಿನ ಲಿಯಾನ್ ನಗರದ ಬಿಷಪ್ ಐರೇನಿಯಸ್, ಯೋಹಾನ ಈಗಿನ ಟರ್ಕಿಯಲ್ಲಿರುವ ಎಫೆಸದಲ್ಲಿ ರೋಮಿನ ಟ್ರಾಜನ್ ಚಕ್ರವರ್ತಿಯ ಕಾಲದವರೆಗೂ ಇದ್ದನೆಂದು ಬರೆಯುತ್ತಾನೆ. ಟ್ರಾಜನ್ ಪಟ್ಟಕ್ಕೆ ಬಂದದ್ದು 98ರಲ್ಲಿ. ಐರೇನಿಯಸ್ ಹುಡುಗನಾಗಿದ್ದಾಗ ಸ್ಮುರ್ನ ಪಟ್ಟಣದ ಬಿಷಪ್, ಯೋಹಾನನನ್ನು ಬಲ್ಲ ಪಾಲಿಕಾರ್ಪನನ್ನು ಕಣ್ಣಾರೆ ಕಂಡವನು. ಹಳೆಯ ಗೆಳೆಯ ಫ್ಲೋರಿನಸ್‌ಗೆ ಬರೆದ ಪತ್ರದಲ್ಲಿ, ಇತ್ತೀಚಿನ ಸಂಗತಿಗಳಿಗಿಂತ ಆ ದಿನಗಳೇ ತನಗೆ ಚೆನ್ನಾಗಿ ನೆನಪಿವೆ ಎನ್ನುತ್ತಾನೆ. ಪಾಲಿಕಾರ್ಪ್ ಕುಳಿತು ಮಾತಾಡುತ್ತಿದ್ದ ಜಾಗ, ಅವನು ಬರುತ್ತಿದ್ದ ಹೋಗುತ್ತಿದ್ದ ರೀತಿ, ಅವನ ಮೈಕಟ್ಟು, ಯೋಹಾನನ ಒಡನಾಟವನ್ನು ಅವನು ವಿವರಿಸುತ್ತಿದ್ದ ಬಗೆ, ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಆ ಪತ್ರದ ಭಾಗ ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಗಲಿಲಾಯದ ದೋಣಿಗೂ ಲಿಯಾನಿನ ಬಿಷಪ್ಪನಿಗೂ ನಡುವೆ ಇದ್ದದ್ದು ಒಬ್ಬನೇ ಒಬ್ಬ ಮನುಷ್ಯ!

ಈಗ ಲೆಕ್ಕ ಹಾಕಿ. ಶಿಲುಬೆಯ ಘಟನೆ 30 ಅಥವಾ 33ರಲ್ಲಿ ನಡೆಯಿತೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 30ರಲ್ಲಿ ಯೋಹಾನನಿಗೆ ಮೂವತ್ತಾಗಿದ್ದರೆ ಟ್ರಾಜನ್ ಪಟ್ಟವೇರುವಾಗ ತೊಂಬತ್ತೆಂಟು. ಆ ಕಾಲದಲ್ಲಿ ಅದು ಅಪರೂಪದಲ್ಲಿ ಅಪರೂಪ. ಹದಿನೆಂಟೋ ಇಪ್ಪತ್ತೋ ಆಗಿದ್ದರೆ ಎಂಬತ್ತಾರರಿಂದ ಎಂಬತ್ತೆಂಟು. ಪಾಲಿಕಾರ್ಪನೇ ಸುಮಾರು 155ರಲ್ಲಿ ಸಾಯುವ ಮುನ್ನ ಎಂಬತ್ತಾರು ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ ಎಂದನಲ್ಲ, ಅಷ್ಟು ಬಾಳುವವರು ಇದ್ದೇ ಇದ್ದರು.

ಎದುರು ವಾದಗಳಲ್ಲಿ ಎರಡಕ್ಕೆ ತೂಕವಿದೆ. ಹಿಯೆರಾಪೊಲಿಸ್‌ನ ಬಿಷಪ್ ಪೇಪಿಯಸ್ ಇಬ್ಬರು ಯೋಹಾನರನ್ನು ಹೆಸರಿಸುತ್ತಾನೆ, ಒಬ್ಬ ಯೇಸುವಿನ ಶಿಷ್ಯ, ಇನ್ನೊಬ್ಬ ಸಭೆಯ ಹಿರಿಯ; ಐರೇನಿಯಸ್ ಇವರನ್ನು ಬೆರೆಸಿಬಿಟ್ಟ ಎನ್ನುವವರಿದ್ದಾರೆ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನ ಹೆಸರಿದೆ, ಅಲ್ಲೇ ಬಾಳಿದನೆನ್ನುವ ಯೋಹಾನನ ಹೆಸರಿಲ್ಲ. ಈ ಎರಡನೆಯದು ನನ್ನನ್ನು ನಿಜವಾಗಿಯೂ ಕಾಡುತ್ತದೆ. ಆದರೆ ಒಂದು ಪತ್ರದ ಮೌನಕ್ಕಿಂತ ಪಾಲಿಕಾರ್ಪನನ್ನು ಕಂಡು ಕೇಳಿದ ಐರೇನಿಯಸ್‌ನ ನೆನಪಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಜೊತೆಗೆ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ನೋಡಿ. ಸಂಪ್ರದಾಯ ಯೋಹಾನನೆಂದೇ ಗುರುತಿಸುವ ಆ ಪ್ರಿಯ ಶಿಷ್ಯನಿಗೆ ಸಾವಿಲ್ಲವಂತೆ ಎಂಬ ಮಾತು ಸಹೋದರರಲ್ಲಿ ಹಬ್ಬಿತ್ತು, ಯೇಸು ಹಾಗೆ ಹೇಳಿರಲಿಲ್ಲ ಎಂದು ಅಲ್ಲಿ ತಿದ್ದಲಾಗಿದೆ. ಅವನ ಅಣ್ಣ ಯಾಕೋಬನನ್ನು ಹೆರೋದ ಅಗ್ರಿಪ್ಪ 44ರ ಹೊತ್ತಿಗೇ ಕತ್ತಿಯಿಂದ ಕೊಲ್ಲಿಸಿದ್ದ. ಜೊತೆಯವರು ಒಬ್ಬೊಬ್ಬರಾಗಿ ಹೋದ ಮೇಲೂ ಬಹುಕಾಲ ಬದುಕಿದ್ದವನ ಬಗ್ಗೆ ಅಲ್ಲದೆ ಇನ್ನಾರ ಬಗ್ಗೆ ಇಂಥ ಸುದ್ದಿ ಹುಟ್ಟೀತು?